ಒಂದು ಗೇಣು ಗಿಡ್ಡದ ಕೋವಿ

ಮುದೀರ್ ಎರಡು ಕೋವಿಗಳನ್ನು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, "ಒಂದು ವಾರ ಟೈಮು. ಯಾವುದು ಒಳ್ಳೆಯದು ಬರೆದು ಕೊಡು, ಆರು ತರಿಸೋಣ" ಎಂದು ಹೇಳಿ ಹೋದರು. ಮುದೀರ್ ಅಂದರೆ ನಮ್ಮ ಮ್ಯಾನೇಜರ್, ಇಲ್ಲಿ ಎಲ್ಲರೂ ಕರೆಯುವುದು ಹಾಗೆ. ದೋಹಾದಿಂದ ಅಲ್ ಶಮಾಲ್ ಕಡೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಒಂದು ಖಾಸಗಿ ಶೂಟಿಂಗ್ ರೇಂಜ್ ಇದೆ. ನಾನು ಅಲ್ಲಿಯ ಕೋವಿಗಳ ಮೆಕ್ಯಾನಿಕ್. ಮೆಂಬರುಗಳು ಬಂದು ಹೊಡೆದು ಹೋಗುತ್ತಾರೆ. ನಾನು ಒರೆಸಿ, ಎಣ್ಣೆ ಹಚ್ಚಿ, ಸವೆದ ಭಾಗ ಬದಲಿಸಿ, ನಂಬರು ನೋಡಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ.

ಎರಡೂ ಒಂದೇ ಜಾತಿಯ ಕೋವಿಗಳು. ಎರಡಕ್ಕೂ ಒಂದೇ ದಪ್ಪದ ಗುಂಡು. ಟ್ರಿಗರ್ ಒಮ್ಮೆ ಒತ್ತಿದರೆ ಒಂದು ಗುಂಡು ಹಾರಿ, ಮುಂದಿನದು ತಾನಾಗಿ ಏರಿ ಕೂರುತ್ತದೆ. ವ್ಯತ್ಯಾಸ ಇದ್ದದ್ದು ಉದ್ದದಲ್ಲಿ. ಒಂದಕ್ಕೆ ಪೂರ್ತಿ ನಳಿಗೆ, ಇನ್ನೊಂದರ ನಳಿಗೆ ಒಂದು ಗೇಣು ಗಿಡ್ಡ, ಹಿಂದಿನ ಹಿಡಿಯೂ ಮಡಚುವಂಥದ್ದು.

ನಾನು ಆ ಗಿಡ್ಡದ್ದನ್ನು ಕೈಗೆತ್ತಿಕೊಂಡ ಗಳಿಗೆಯಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನದಕ್ಕೆಲ್ಲ ಅದೇ ಮೂಲ. ಮಿಲಿಟ್ರಿಯಲ್ಲಿದ್ದಷ್ಟು ಕಾಲ ನಾನು ಹೊತ್ತದ್ದು ಉದ್ದದ್ದನ್ನೇ. ಜೀಪು ಹತ್ತುವಾಗ ಅದರ ಮೂತಿ ಬಾಗಿಲಿಗೆ ಬಡಿಯುತ್ತಿತ್ತು, ಬಂಕರಿನಲ್ಲಿ ತಿರುಗುವಾಗ ಗೋಡೆಗೆ ತಾಗುತ್ತಿತ್ತು, ಬೆಟ್ಟ ಇಳಿಯುವಾಗ ಮೊಣಕಾಲಿನ ಹಿಂಭಾಗಕ್ಕೆ ಗುದ್ದುತ್ತಿತ್ತು. ರಾತ್ರಿ ಡ್ಯೂಟಿಯಲ್ಲಿ ಅದನ್ನು ಬೈಯದ ದಿನವಿಲ್ಲ. ಈ ಗಿಡ್ಡದ್ದು ಎದೆಗೆ ಒರಗಿ ಕೂರುತ್ತಿತ್ತು. ಭಾರವೆಲ್ಲ ಕೈಯ ಹತ್ತಿರವೇ ಇದ್ದದ್ದರಿಂದ ಎತ್ತಿ ಹಿಡಿದರೆ ತೋಳು ನಡುಗುತ್ತಿರಲಿಲ್ಲ. ವಯಸ್ಸಿನಲ್ಲಿ ಸಿಗದ ಬೈಕು ಐವತ್ತರಲ್ಲಿ ಸಿಕ್ಕವನ ಹಾಗೆ ನಾನು ಅದನ್ನು ಮಡಚಿ ಬಿಡಿಸಿ ಮಾಡುತ್ತ ಕೂತೆ.

"ಗೌಡ್ರೇ, ಮದುಮಗಳನ್ನು ನೋಡಿದ ಹಾಗೆ ನೋಡ್ತೀರಲ್ಲ ಮಾರಾಯ್ರೆ" ಎಂದರು ಕಾಕ, ಬಾಗಿಲಲ್ಲಿ ನಿಂತು.

ಕಾಕ ನಮ್ಮ ರೇಂಜ್ ಆಫೀಸರ್. ಉಳ್ಳಾಲದ ಕಡೆಯ ಬ್ಯಾರಿ, ಈ ರೇಂಜು ಶುರುವಾದಾಗಿನಿಂದ ಇಲ್ಲಿದ್ದವರು. ಗುಂಡು ಹಾರಿಸುವ ಸಾಲಿನಲ್ಲಿ ಆರು ಕಟ್ಟೆಗಳು, ನಡುವೆ ಅಡ್ಡಗೋಡೆಗಳು. ಯಾರು ಯಾವಾಗ ಹೊಡೆಯಬೇಕು, ಯಾವಾಗ ನಿಲ್ಲಿಸಬೇಕು, ಯಾವಾಗ ಗುರಿಹಲಗೆಯ ಕಡೆ ನಡೆಯಬಹುದು, ಎಲ್ಲ ಅವರ ಮಾತಿನಂತೆ. ಹೊಸಬರು ಬಂದರೆ ಕಾಕ ಅವರ ಬಲಭುಜದ ಪಕ್ಕದಲ್ಲೇ ನಿಲ್ಲುತ್ತಿದ್ದರು. ಗಾಬರಿಯಲ್ಲಿ ಕೋವಿ ಹಿಡಿದುಕೊಂಡೇ ಹಿಂದೆ ತಿರುಗುವವರು ಇರುತ್ತಾರೆ, ಆಗ ನಳಿಗೆಯನ್ನು ಹಿಡಿದು ಮುಂದಕ್ಕೇ ನಿಲ್ಲಿಸಬೇಕು. ನಾನು ಸುಳ್ಯದವನು, ತುಳು ಅಷ್ಟಕ್ಕಷ್ಟೆ. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ನನ್ನ ದಪ್ಪ ಸ್ವರ ಅವರಿಗೊಂದು ತಮಾಷೆ. ನಾನು ಫೋನಿನಲ್ಲಿ ಮನೆಗೆ ಮಾತಾಡಿದರೆ, "ಫೋನ್ ಎಂತಕ್ಕೆ, ಹಾಗೇ ಕರೀರಿ, ಸುಳ್ಯಕ್ಕೆ ಕೇಳ್ತದೆ" ಎನ್ನುತ್ತಿದ್ದರು.

ಪರೀಕ್ಷೆಯನ್ನು ನಾನು ಶಾಸ್ತ್ರೋಕ್ತವಾಗಿಯೇ ಮಾಡಿದೆ. ಮರಳಿನ ಚೀಲದ ಮೇಲೆ ಕೋವಿ ಇಟ್ಟು, ನೂರು ಮೀಟರಿಗೆ ಗುರಿ ಸರಿಪಡಿಸಿ, ಐದೈದು ಗುಂಡುಗಳ ಗುಂಪು ಹೊಡೆದೆ. ಪ್ರತಿ ಗುಂಪಿನ ನಂತರ ನಳಿಗೆ ತಣಿಯಲು ಬಿಟ್ಟೆ. ಉದ್ದದ್ದರ ಗುಂಪು ಚಹಾ ಲೋಟದ ಬಾಯಿಯಷ್ಟು, ಗಿಡ್ಡದ್ದರದು ಅದಕ್ಕಿಂತ ಬೆರಳಗಲ ಹೆಚ್ಚು. ವೇಗ ಅಳೆಯುವ ಯಂತ್ರದಲ್ಲಿ ಗಿಡ್ಡದ್ದರ ಗುಂಡು ನಿಧಾನ. ನಳಿಗೆ ಗಿಡ್ಡವಾದರೆ ಮದ್ದು ಒಳಗೇ ಪೂರ್ತಿ ಉರಿಯುವಷ್ಟು ಹೊತ್ತು ಸಿಗುವುದಿಲ್ಲ. ಉಳಿದ ಉರಿ ಮೂತಿಯಿಂದ ಹೊರಗೆ ಬಂದು ಬೆಂಕಿಯ ಚೆಂಡಾಗಿ ಸಿಡಿಯುತ್ತದೆ. ಇದೆಲ್ಲ ನನಗೆ ಗೊತ್ತಿತ್ತು.

ಮೊದಲ ಗುಂಡು ಹೊಡೆದಾಗ ಪಕ್ಕದಲ್ಲಿದ್ದ ಕಾಕ ಎರಡು ಹೆಜ್ಜೆ ಹಿಂದೆ ಹೋದರು. ಕಿವಿಯ ಮೇಲಿನ ಮಫ್ ಸರಿಮಾಡಿಕೊಂಡು, "ಇದು ಗಿಡ್ಡ ಆದ್ರೂ ಬಾಯಿ ದೊಡ್ಡದು ಗೌಡ್ರೇ" ಎಂದರು. ನಾನು ನಕ್ಕೆ. ವರದಿಯಲ್ಲಿ ಸುಲಭ ಹಿಡಿತ, ಮಹಿಳೆಯರಿಗೂ ಹೊಸಬರಿಗೂ ಅನುಕೂಲ, ಕಟ್ಟೆಯ ಇಕ್ಕಟ್ಟಿನಲ್ಲಿ ತಿರುಗಿಸಲು ಆರಾಮ ಎಂದೆಲ್ಲ ಬರೆದು, ಕೊನೆಯ ಸಾಲಿನಲ್ಲಿ "ಶಬ್ದ ಸ್ವಲ್ಪ ಹೆಚ್ಚು" ಎಂದು ಸೇರಿಸಿದೆ. ಜೀವಮಾನವೆಲ್ಲ ಬಯಲಲ್ಲೇ ಹೊಡೆದವನು ನಾನು. ತಲೆಯ ಮೇಲೆ ತಗಡು, ಆಚೀಚೆ ಗೋಡೆ ಇರುವಲ್ಲಿ ಆ "ಸ್ವಲ್ಪ" ಎಷ್ಟಾಗುತ್ತದೆ ಎಂದು ಯೋಚಿಸಲಿಲ್ಲ. ಯೋಚಿಸಬೇಕಾದದ್ದು ನನ್ನ ಕೆಲಸವೇ ಆಗಿತ್ತು.

ಮುದೀರ್ ಮೊದಲ ಪುಟ ಓದಿ, "ಖಲಾಸ್, ಶಾರ್ಟ್" ಎಂದರು.

ಆರು ಗಿಡ್ಡ ಕೋವಿಗಳು ಬಂದವು. ಮೆಂಬರುಗಳಿಗೆ ಅದರ ಮೋಹ ಹತ್ತಿದ್ದು ನೋಡಿದರೆ ನನಗೂ ಹೆಮ್ಮೆ. ಫೋಟೋ ತೆಗೆಸಿಕೊಳ್ಳುವವರು, ಸರತಿಯಲ್ಲಿ ಕಾಯುವವರು, ಉದ್ದದ್ದು ಖಾಲಿ ಇದೆ ಅಂದರೆ ಮುಖ ತಿರುಗಿಸುವವರು. ತಿಂಗಳೊಳಗೆ ರೇಂಜಿನಲ್ಲಿ ಮೊದಲಿನಿಂದ ಇದ್ದ ಉದ್ದದ ಆರೂ ಕೋವಿಗಳಿಗೆ ದಪ್ಪ ಗ್ರೀಸು ಬಳಿದು ಕೆಳಗಿನ ಕಪಾಟಿಗೆ ಸೇರಿಸಿದೆ. ಒಂದೇ ದೂರು ಬರುತ್ತಿತ್ತು: ಒದೆತ ಜಾಸ್ತಿ, ಭುಜ ನೋಯುತ್ತದೆ.

ಅದಕ್ಕೂ ನನ್ನ ಬಳಿ ಮದ್ದಿತ್ತು. ಮೂತಿಗೆ ತಿರುಪಿ ಕೂರಿಸುವ ಒಂದು ಬೆರಳುದ್ದದ ಉಕ್ಕಿನ ತುಂಡು ಬರುತ್ತದೆ. ಬ್ರೇಕ್ ಎನ್ನುತ್ತಾರೆ. ಅದರ ಎರಡೂ ಬದಿಯಲ್ಲಿ ಸೀಳುಗಳು. ನೇರ ಮುಂದೆ ಹೋಗಬೇಕಾದ ಉರಿಗಾಳಿ ಆ ಸೀಳುಗಳಿಂದ ಆಚೀಚೆ ಹೊರಡುತ್ತದೆ, ಹೊಡೆಯುವವನ ಭುಜಕ್ಕೆ ಒದೆತ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಆರೂ ಕೋವಿಗಳಿಗೆ ನಾನೇ ಕೂರಿಸಿದೆ. ತಿರುಪನ್ನು ಒರೆಸಿ, ಸರಿಯಾದ ಬಿಗಿತಕ್ಕೆ ತಿರುಗಿಸಿ, ಸೀಳುಗಳು ನೆಲಕ್ಕೆ ಸಮನಾಗಿ ನಿಂತಿವೆಯೇ ಎಂದು ಮಟ್ಟ ಇಟ್ಟು ನೋಡಿದೆ. ಅಷ್ಟು ಅಚ್ಚುಕಟ್ಟು. ಮರುದಿನ ಮೆಂಬರೊಬ್ಬರು ನನ್ನ ಬೆನ್ನು ತಟ್ಟಿ, ಈಗ ಒದೆಯುವುದೇ ಇಲ್ಲ ಎಂದರು. ಆ ಒದೆತ ಎಲ್ಲಿಗೆ ಹೋಯಿತು ಎಂದು ಅವರು ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಅದು ಬದಿಗೆ ಹೋಗುತ್ತಿತ್ತು. ಬದಿಯಲ್ಲಿ ಕಾಕ ನಿಂತಿರುತ್ತಿದ್ದರು.

ಮಫ್ ಹಾಕುತ್ತಿರಲಿಲ್ಲವೇ ಎಂದರೆ ಹಾಕುತ್ತಿದ್ದರು. ಆದರೆ ಕೆಲಸದ ಕ್ರಮ ಹಾಗಿತ್ತು. ಗುರಿಹಲಗೆಯ ಕಡೆ ಹೋಗುವ ಮೊದಲು ಕಾಕ "ಕ್ಲಿಯರ್?" ಎಂದು ಕೂಗಬೇಕು. ಒಂದರಿಂದ ಆರರವರೆಗೆ ಪ್ರತಿ ಕಟ್ಟೆಯವರೂ ಕೋವಿ ಖಾಲಿ ಮಾಡಿ ಬಾಯಲ್ಲಿ ಉತ್ತರ ಕೊಡಬೇಕು. ಆರೂ ಉತ್ತರ ಕಿವಿಗೆ ಬಿದ್ದ ಮೇಲೆಯೇ ಹೆಜ್ಜೆ. ಆ ಉತ್ತರ ಕೇಳಲು ಕಾಕ ಎರಡೂ ಕಿವಿಯ ಮಫ್ಫನ್ನು ಬೆರಳಿನಿಂದ ಎತ್ತುತ್ತಿದ್ದರು. ಮೂರನೆಯವರು ಉತ್ತರ ಕೊಡುವಾಗ ಐದನೆಯವರು ಕೊನೆಯ ಗುಂಡು ಮುಗಿಸುತ್ತಿದ್ದದ್ದೂ ಉಂಟು. ದಿನಕ್ಕೆ ಎಷ್ಟೋ ಸಲ. ಮಾತು ಕೇಳಿಸಿ ಶಬ್ದ ತಡೆಯುವ ಮೈಕಿನ ಮಫ್ ಮೆಂಬರುಗಳಿಗಿತ್ತು. ಸ್ಟಾಫಿಗೆ ಒಂದು ಜೊತೆ ಬಂದದ್ದು ಆ ಬೇಸಿಗೆಯ ಬೆವರಿಗೇ ಕೆಟ್ಟಿತು. ಇನ್ನೊಂದನ್ನು ಕೇಳಿದೆವು, ಬರುತ್ತದೆ ಎಂದರು.

ಮೊದಲು ಗೊತ್ತಾದದ್ದು ಫೋನಿನಿಂದ. ಕಾಕನಿಗೆ ಊರಲ್ಲಿ ಏಳು ವರ್ಷದ ಮೊಮ್ಮಗಳು. ದಿನಾ ಶಾಲೆಯಿಂದ ಬಂದು ಅಜ್ಜನಿಗೊಂದು ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ಮಧ್ಯಾಹ್ನದ ಊಟದ ಹೊತ್ತಿಗೆ ಕಾಕ ಅದನ್ನು ಎರಡೆರಡು ಸಲ ಹಾಕಿ ಕೇಳುವುದು ನನಗೂ ರೂಢಿಯಾಗಿತ್ತು. ಒಂದು ದಿನ ಫೋನನ್ನು ನನ್ನ ಕಡೆ ಚಾಚಿ, "ಇದರ ಸ್ಪೀಕರ್ ಹೋಗಿದೆ ಕಾಣ್ತದೆ. ಇವಳು ಎಂತ ಹೇಳ್ತಾಳೆ ನೋಡಿ" ಎಂದರು. ನಾನು ಕೇಳಿದೆ. ತೆಳ್ಳಗಿನ ಸ್ವರ, ಒಂದೊಂದು ಅಕ್ಷರವೂ ಸ್ಪಷ್ಟ. ಬೆಕ್ಕು ಮರಿ ಹಾಕಿದ ಸುದ್ದಿ ಹೇಳುತ್ತಿದ್ದಳು. ನಾನು ಹೇಳಿದೆ, ಬೆಕ್ಕು ಮರಿ ಹಾಕಿದೆಯಂತೆ ಕಾಕ, ಮೂರು. ಸ್ಪೀಕರ್ ಸರಿ ಇದೆ ಎಂದು ಮಾತ್ರ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ನನಗೇ ತಿಳಿಯದು.

ಆ ಶುಕ್ರವಾರ ನಮಾಜು ಮುಗಿಸಿ ಬಂದ ಅವರ ಜೊತೆ ದೋಹಾದ ನಜ್ಮಾ ಪೇಟೆಗೆ ಹೋದೆ. ಟೈಲರ್ ಅಂಗಡಿಗಳ ಸಾಲಿನಲ್ಲಿ ಮೊಬೈಲ್ ರಿಪೇರಿಯವನೊಬ್ಬ ಇದ್ದಾನೆ, ಮಲಯಾಳಿ. ಅವನು ಫೋನು ಬಿಚ್ಚಿ, ಊದಿ, ಬೇಡ ಬೇಡ ಎಂದರೂ ಕೇಳದ ಕಾಕನ ಹಟಕ್ಕೆ ಸ್ಪೀಕರ್ ಬದಲಿಸಿ ಕೊಟ್ಟ. ಅಲ್ಲೇ ಮೆಸೇಜ್ ಹಾಕಿ ನೋಡಿದರು. ಪಕ್ಕದ ಕೆಫೆಟೇರಿಯಾದಲ್ಲಿ ಕರಕ್ ಚಾಯ್ ಕುಡಿಯುತ್ತಿದ್ದವರು ಕೂಡ ತಿರುಗಿ ನೋಡುವಷ್ಟು ಗಟ್ಟಿಯಾಗಿ ಆ ಮಗು ಮಾತಾಡಿತು. ಕಾಕ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಇದ್ದರು. ಆಮೇಲೆ ಅದನ್ನು ಜೇಬಿಗೆ ಹಾಕಿ, "ಈ ಕಂಪನಿಯ ಫೋನೇ ಆಗೂದಿಲ್ಲ" ಎಂದರು. ಮರುವಾರ ಹೊಸ ಫೋನು ಕೊಂಡರು.

ನಾನು ಮೆಕ್ಯಾನಿಕ್, ಅನುಮಾನ ಬಂದ ಮೇಲೆ ಪರೀಕ್ಷೆ ಮಾಡದೆ ಇರಲಾರೆ. ಸ್ಪರ್ಧೆಗೆ ಬಳಸುವ ಟೈಮರ್ ಒಂದು ನಮ್ಮಲ್ಲಿದೆ, ಗುಂಡಿ ಒತ್ತಿದರೆ ಕೀಚಲು ಸ್ವರದಲ್ಲಿ ಬೀಪ್ ಎನ್ನುತ್ತದೆ. ಕಾಕ ನನ್ನ ಕಡೆ ಬೆನ್ನು ಹಾಕಿ ರಿಜಿಸ್ಟರ್ ಬರೆಯುತ್ತಿದ್ದಾಗ ಅವರ ಹಿಂದೆ ಎರಡು ಅಡಿ ದೂರದಲ್ಲಿ ಒತ್ತಿದೆ. ಬರೆಯುತ್ತಲೇ ಇದ್ದರು. ಮತ್ತೆ ಒತ್ತಿದೆ, ಬರೆಯುತ್ತಲೇ ಇದ್ದರು. ಮೆಲ್ಲಗೆ "ಕಾಕ" ಎಂದೆ. "ಎಂತ ಗೌಡ್ರೇ?" ಎಂದು ತಿರುಗಿದರು. ನನ್ನ ದಪ್ಪ ಸ್ವರ ಕೇಳಿತ್ತು. ತಿರುಗಿದವರು ನನ್ನ ಕೈಯಲ್ಲಿದ್ದ ಟೈಮರನ್ನು ನೋಡಿದರು. ನಾನು ಏನು ಮಾಡಿದೆ ಎಂದು ಅವರಿಗೆ ಅರ್ಥವಾಯಿತು.

"ಯಾವಾಗಿನಿಂದ?" ಎಂದೆ.

"ಹೊಸ ಕೋವಿ ಬಂದ ಮೇಲೆ. ಮೊದಲು ಸಂಜೆ ಮಾತ್ರ ಗುಂಯ್ ಅಂತಿತ್ತು. ಬೆಳಿಗ್ಗೆ ಸರಿ ಆಗ್ತಿತ್ತು. ಈಗ ಬೆಳಿಗ್ಗೆಯೂ ಉಂಟು." ಪೆನ್ನಿನ ಮುಚ್ಚಳ ಹಾಕಿದರು. "ನೀವು ಯಾರ ಹತ್ರವೂ ಹೇಳ್ಬೇಡಿ. ಈ ಸೀಸನ್ ಮುಗೀಲಿ. ನಾನೇ ಲೆಟರ್ ಕೊಟ್ಟು ಹೋಗ್ತೇನೆ. ಈ ರೇಂಜಿಗೆ ಮೊದಲು ಬಂದವ ನಾನು. ಕೆಲಸಕ್ಕೆ ಆಗೂದಿಲ್ಲ ಅಂತ ಅವರು ಕಳಿಸಿ ನಾನು ಹೋಗುವ ಹಾಗೆ ಆಗ್ಬಾರ್ದು, ಅಷ್ಟೇ."

ಬೇರೆ ಏನನ್ನೂ ಕೇಳದ ಮನುಷ್ಯ ಅದೊಂದನ್ನು ಕೇಳಿದರು. ಆಯಿತು ಎಂದೆ.

ಅಂದಿನಿಂದ ನಮ್ಮದೇ ಒಂದು ಏರ್ಪಾಡು ಶುರುವಾಯಿತು. ನನ್ನ ಬೆಂಚು ಸಾಲಿನ ಹಿಂದೆಯೇ ಇತ್ತು. ಕಾಕ "ಕ್ಲಿಯರ್?" ಎಂದು ಕೂಗುತ್ತಾರೆ. ಕಟ್ಟೆಯವರು ಉತ್ತರ ಕೊಡುತ್ತಾರೆ. ಒಬ್ಬೊಬ್ಬರ ಉತ್ತರವನ್ನೂ ನಾನು ಹಿಂದಿನಿಂದ ನನ್ನ ದಪ್ಪ ಸ್ವರದಲ್ಲಿ ಮತ್ತೊಮ್ಮೆ ಹೇಳುತ್ತೇನೆ: ಒಂದು ಕ್ಲಿಯರ್, ಎರಡು ಕ್ಲಿಯರ್, ಮೂರು ಕ್ಲಿಯರ್. ಮೆಂಬರುಗಳು ಇದು ಮಿಲಿಟ್ರಿ ಶಿಸ್ತು ಎಂದುಕೊಂಡರು. ಒಬ್ಬರು ಮೆಚ್ಚಿಕೊಂಡರು ಕೂಡ. ಮುದೀರ್ ಕೂಡ ಇದನ್ನು ಬರೆದಿಡಬೇಕು ಎಂದರು. ಮಫ್ ಎತ್ತುವ ಅಗತ್ಯವೂ ತಪ್ಪಿತು, ನಾನು ಅವರಿಗೆ ಒಳಗೆ ಫೋಮಿನ ಬಿರಡೆ, ಮೇಲೆ ಮಫ್, ಎರಡೂ ಹಾಕಿಸಿದೆ. ಇಷ್ಟು ದಿನ ಬುದ್ಧಿ ಎಲ್ಲಿತ್ತು ಎಂದು ನನ್ನನ್ನೇ ಬೈದುಕೊಂಡೆ. ಆದರೂ ಒಳಗೊಳಗೆ ಒಂದು ಜಂಬ ಇತ್ತು, ನಾವಿಬ್ಬರೂ ಸೇರಿ ಈ ಸೀಸನ್ ದಾಟಿಸಿಬಿಡುತ್ತೇವೆ ಎಂದು.

ಗಿಡ್ಡ ಕೋವಿಗಳಿಗೆ ಇನ್ನೊಂದು ಗುಣ ಇತ್ತು. ನಳಿಗೆ ಗಿಡ್ಡವಾದ್ದರಿಂದ ಒಳಗಿನ ಭಾಗಗಳು ಹಿಂದಕ್ಕೆ ಹೊಡೆಯುವ ರಭಸ ಜಾಸ್ತಿ. ಉದ್ದದ್ದರಲ್ಲಿ ವರ್ಷಗಟ್ಟಲೆ ಬಾಳುವ ಸ್ಪ್ರಿಂಗುಗಳು ಇದರಲ್ಲಿ ತಿಂಗಳಲ್ಲಿ ಸುಸ್ತಾಗುತ್ತಿದ್ದವು. ಹಾರಿದ ಗುಂಡಿನ ಖಾಲಿ ತೋಟೆಯನ್ನು ಎಳೆದು ಹೊರಗೆಸೆಯುವ ಪುಟ್ಟ ಕೊಕ್ಕೆಗಳು ಮುರಿಯುತ್ತಿದ್ದವು. ಹಾಗಾಗಿ ನನಗೆ ಬೆಂಚು ಬಿಟ್ಟು ಗಾಜಿನ ಹಿಂದಿನ ಕೋಣೆಗೆ ಹೋಗುವ ಕೆಲಸ ಹೆಚ್ಚಾಯಿತು. ಹೋಗುವಾಗ ಕಾಕನಿಗೆ ಕೈಸನ್ನೆ ಮಾಡುತ್ತಿದ್ದೆ, ನಾನು ಬರುವವರೆಗೆ ಅವರು ಗುರಿಹಲಗೆಯ ಕಡೆ ಯಾರನ್ನೂ ಬಿಡುತ್ತಿರಲಿಲ್ಲ.

ಆ ದಿನ ಧೂಳುಗಾಳಿ. ತಗಡಿನ ಕೆಳಗೆಲ್ಲ ಹಳದಿ ಮಬ್ಬು. ಎರಡನೇ ಕಟ್ಟೆಯ ಕೋವಿ ಕೆಟ್ಟಿತೆಂದು ತಂದುಕೊಟ್ಟರು. ನಾನು ಅದನ್ನು ತೆಗೆದುಕೊಂಡು ಒಳಗೆ ಹೋದೆ. ಕೈಸನ್ನೆ ಮಾಡಲಿಲ್ಲ. ಒಂದು ನಿಮಿಷದ ಕೆಲಸ ಎಂದುಕೊಂಡಿದ್ದೆ. ಪಿನ್ನು ಸಿಕ್ಕಿಕೊಂಡಿತ್ತು, ಕುಟ್ಟುತ್ತ ನಿಂತೆ.

ತಲೆ ಎತ್ತಿದಾಗ ಗಾಜಿನಾಚೆ ಕಾಕನ ಬೆನ್ನು ಕಂಡಿತು. ಸಾಲು ದಾಟಿ ಮರಳಿನ ಮೇಲೆ ನಾಲ್ಕು ಹೆಜ್ಜೆ ಇಟ್ಟಾಗಿತ್ತು. ಮೊದಲ ಮೂರು ಕಟ್ಟೆಯವರು ಕೈ ಎತ್ತಿ ನಿಂತಿದ್ದರು, ಅದನ್ನು ನೋಡಿ, ನನ್ನ ಸ್ವರ ಗಾಳಿಯ ಸದ್ದಿನಲ್ಲಿ ತಮಗೆ ಕೇಳಿಸಲಿಲ್ಲ, ಎಲ್ಲರೂ ಮುಗಿಸಿದ್ದಾರೆ ಎಂದುಕೊಂಡು ಅವರು ಹೊರಟಿದ್ದರು. ನಾಲ್ಕನೇ ಕಟ್ಟೆಯಲ್ಲಿ ಹೊಸದಾಗಿ ಸೇರಿದ ಒಬ್ಬ ಹೆಣ್ಣುಮಗಳು. ಅವಳ ಕೋವಿ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಎಳೆಯುತ್ತ, "ನಾಟ್ ಕ್ಲಿಯರ್, ನಾಟ್ ಕ್ಲಿಯರ್" ಎಂದು ಕೂಗುತ್ತಿದ್ದಳು. ತೆಳುವಾದ ಸ್ವರ. ಗಾಜಿನೊಳಗಿದ್ದ ನನಗೂ ಕೇಳಿಸಲಿಲ್ಲ, ಬಾಯಿ ಆಡುವುದಷ್ಟೇ ಕಂಡಿತು. ನಳಿಗೆಯ ನೇರಕ್ಕೆ ಕಾಕ ನಡೆಯುತ್ತಿದ್ದರು.

ಗೋಡೆಯ ಕೆಂಪು ಸೈರನ್ ಗುಂಡಿಯನ್ನು ಒತ್ತಿದ್ದು, ಬಾಗಿಲು ತೆರೆದದ್ದು, ಕೂಗಿದ್ದು ಯಾವುದು ಮೊದಲು ಎಂದು ನೆನಪಿಲ್ಲ. ಕಾಕನ ಹೆಸರು ಹಿಡಿದು ಕೂಗಿದೆ, ಅದೊಂದೇ ಸಲ. ಅವರು ನಿಂತರು. ಅವಳು ಅವರನ್ನು ಕಂಡು ಕೈ ಎರಡನ್ನೂ ಕೋವಿಯಿಂದ ಎತ್ತಿಬಿಟ್ಟಳು. ಅದು ಮರಳಿನ ಚೀಲದ ಮೇಲೆ ಹಾಗೇ ಮಲಗಿತ್ತು. ನಾನು ಹೋಗಿ ಮ್ಯಾಗಜಿನ್ ಕಳಚಿ, ಹಿಡಿ ಎಳೆದು ಬಿಡಿಸಿದೆ. ಒಳಗಿನಿಂದ ಒಂದು ಜೀವಂತ ಗುಂಡು ಹಾರಿ ನನ್ನ ಅಂಗೈಗೆ ಬಿತ್ತು. ನಳಿಗೆಯ ಕಾವಿಗೆ ಅದು ಬಿಸಿಯಾಗಿತ್ತು.

ಅವಳು ಅಳುತ್ತ ಕ್ಷಮೆ ಕೇಳುತ್ತಿದ್ದಳು. ಅವಳದು ತಪ್ಪೇ ಇರಲಿಲ್ಲ.

ಇಂಥ ಘಟನೆಯಾದರೆ ತುಂಬುವ ಒಂದು ಫಾರ್ಮ್ ಇದೆ. ಏನಾಯಿತು, ಯಾಕಾಯಿತು, ಮುಂದೆ ಆಗದಂತೆ ಏನು ಮಾಡಬೇಕು. ಕಂಡವರು ಬರೆಯಬೇಕು, ಅಂದರೆ ನಾನು. ನಾಳೆ ಬೆಳಿಗ್ಗೆ ಕೊಡು ಎಂದರು ಮುದೀರ್. "ಧೂಳಿನಿಂದಾಗಿ ಕಾಣಿಸಲಿಲ್ಲ" ಎಂದು ಬರೆದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆ ವಾಕ್ಯವನ್ನು ನಾನು ಬರೆದೂ ಬಿಟ್ಟಿದ್ದೆ. ಬರೆದು ಅಂಗಿಯ ಜೇಬಿನಲ್ಲಿದ್ದ ಆ ಗುಂಡನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸಿದೆ. ಇನ್ನೂ ಎರಡು ತಿಂಗಳು ಸೀಸನ್ ಇತ್ತು. ಎರಡು ತಿಂಗಳಲ್ಲಿ ನಾನು ಎಷ್ಟು ಸಲ ಒಳಗೆ ಹೋಗಬೇಕಾಗುತ್ತದೋ. ಫಾರ್ಮನ್ನು ಹರಿದು ಇನ್ನೊಂದು ತೆಗೆದುಕೊಂಡೆ.

ಕೊಡುವ ಮೊದಲು ಕಾಕನ ಬಳಿ ಹೋದೆ. ನಮಾಜಿನ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದರು.

"ಬರೆದಿದ್ದೇನೆ ಕಾಕ. ಇದ್ದದ್ದನ್ನು ಇದ್ದ ಹಾಗೆ."

"ಓದಿ ಹೇಳಿ" ಎಂದರು.

ಓದಿದೆ. ಗಟ್ಟಿಯಾಗಿ, ನಿಧಾನವಾಗಿ, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ. ರೇಂಜ್ ಆಫೀಸರಿಗೆ ಕಿವಿ ಕೇಳಿಸುವುದಿಲ್ಲ. ಅದು ಗೊತ್ತಿದ್ದೂ ನಾನು ಮುಚ್ಚಿಟ್ಟೆ. ಗಿಡ್ಡ ನಳಿಗೆಯ ಕೋವಿಗಳನ್ನು ಆರಿಸಿದವನು ನಾನು. ಅವಕ್ಕೆ ಬ್ರೇಕ್ ಕೂರಿಸಿದವನು ನಾನು. ಬದಿಯಲ್ಲಿ ನಿಲ್ಲುವವನ ಕಿವಿಗೆ ಏನಾಗುತ್ತದೆ ಎಂದು ನೋಡಬೇಕಾದವನು ನಾನು, ನೋಡಲಿಲ್ಲ.

"ಅದೆಲ್ಲ ಎಂತಕ್ಕೆ?" ಎಂದರು. "ನಂದು ಮಾತ್ರ ಬರೀರಿ. ಇಬ್ಬರೂ ಹೋಗೂದು ಬೇಡ."

"ಇದೇ ನಿಜ ಅಲ್ವಾ ಕಾಕ."

"ನಿಜವೇ." ಬೆಂಚಿನ ಅಂಚನ್ನು ಅಂಗೈಯಿಂದ ಒರೆಸಿದರು. "ಇನ್ನು ಎರಡು ತಿಂಗಳು ಇತ್ತು ಗೌಡ್ರೇ."

ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಎದ್ದು ಕೈಕಾಲು ತೊಳೆದು ವುಜೂ ಮಾಡಲು ನಲ್ಲಿಯ ಕಡೆ ಹೋದರು. ಅವತ್ತು ನಮಾಜಿಗೆ ಕರೆಯುವ ಬಾಂಗ್ ಅವರೇ ಕೊಟ್ಟರು. ಮೊದಲಿಗಿಂತ ತುಂಬ ಜೋರಾಗಿ ಕೊಡುತ್ತಾರೆಂದು ಕ್ಲೀನಿಂಗಿನವರು ಕೆಲವು ದಿನಗಳಿಂದ ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ತಮ್ಮ ಸ್ವರ ತಮಗೇ ಕೇಳಬೇಕಲ್ಲ.

ಮುದೀರ್ ಎರಡು ಪುಟವನ್ನೂ ಓದಿದರು. ಕೆಟ್ಟ ಮನುಷ್ಯರೇನಲ್ಲ, ಓದುವಾಗ ಹಣೆ ಉಜ್ಜಿಕೊಂಡರು. ಆಮೇಲೆ ಎರಡನೇ ಪುಟವನ್ನು ಪಿನ್ನಿನಿಂದ ಬಿಡಿಸಿ ನನ್ನ ಕಡೆ ತಳ್ಳಿದರು. "ಇದು ಟೆಕ್ನಿಕಲ್. ಘಟನೆಗೆ ಸಂಬಂಧವಿಲ್ಲ. ಕೋವಿ ಮೆಂಬರುಗಳ ಆಯ್ಕೆ. ಮೊದಲ ಪುಟ ಸಾಕು."

ಸಂಬಂಧ ಇದೆ ಎಂದೆ. "ಹಬೀಬಿ, ಮಾಫಿ ಮುಷ್ಕಿಲ್, ತೊಂದರೆಯಿಲ್ಲ, ನಿನಗೇನೂ ಆಗುವುದಿಲ್ಲ" ಎಂದರು. ಇನ್ನೊಮ್ಮೆ ಹೇಳಿದೆ. ಅವರು ಫೋನ್ ಎತ್ತಿಕೊಂಡರು. ಮೂರನೇ ಸಲ ಹೇಳಲಿಲ್ಲ. ಪುಟವನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ಮೂರನೇ ಸಲ ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಹೇಳದೆ ಬಂದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ. ಫೈಲಿನಲ್ಲಿ ಉಳಿದದ್ದು ಕಾಕನ ಕಿವಿಯೊಂದೇ.

ಅಲ್ ಸದ್ದ್‌ನ ಕ್ಲಿನಿಕ್ಕಿಗೆ ಕಾಕನನ್ನು ನಾನೇ ಕರೆದುಕೊಂಡು ಹೋದೆ. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಶಬ್ದ ಕೇಳಿಸಿದಾಗ ಗುಂಡಿ ಒತ್ತಿ ಎಂದರು. ನಾನು ಹೊರಗಿನಿಂದ ನೋಡುತ್ತಿದ್ದೆ. ಮೊದಲು ಬೇಗಬೇಗ ಒತ್ತಿದರು. ಆಮೇಲೆ ಹೆಬ್ಬೆರಳು ಗುಂಡಿಯ ಮೇಲೆ ಇಟ್ಟುಕೊಂಡು ಕಾಯುತ್ತ ಕೂತರು. ಅಷ್ಟು ಗಮನವಿಟ್ಟು ಯಾರಾದರೂ ಕಾಯುವುದನ್ನು ನಾನು ಕಂಡಿಲ್ಲ. ಹೆಬ್ಬೆರಳು ಅಲ್ಲಾಡಲಿಲ್ಲ. ಡಾಕ್ಟರು ಕೊಟ್ಟ ಕಾಗದದಲ್ಲಿ ಒಂದು ಗೆರೆ ಸ್ವಲ್ಪ ದೂರ ಸಮತಟ್ಟಾಗಿ ಬಂದು, ಸಂಪಾಜೆ ಘಾಟಿಯ ಹಾಗೆ ಒಮ್ಮೆಲೇ ಇಳಿದಿತ್ತು. ದಪ್ಪ ಸ್ವರ ಕೇಳುತ್ತದೆ, ತೆಳು ಸ್ವರ ಹೋಗಿದೆ, ಯಂತ್ರ ಹಾಕಿದರೆ ಅಲ್ಪಸ್ವಲ್ಪ ಸಹಾಯವಾಗಬಹುದು, ಹೋದದ್ದು ಬರುವುದಿಲ್ಲ. ಡಾಕ್ಟರು ಹೇಳಿದ್ದನ್ನು ನಾನು ಅವರಿಗೆ ಮತ್ತೆ ಹೇಳಿದೆ. ಆ ಡಾಕ್ಟರು ಹೆಂಗಸು.

ಕೆಲಸಕ್ಕೆ ಅನರ್ಹ ಎಂಬ ಕಾಗದ ಬಂದು ಮೂರು ವಾರದಲ್ಲಿ ಟಿಕೆಟ್ ಆಯಿತು. ಕೊನೆಯ ದಿನ ಕಾಕ ನನ್ನ ಕೋಣೆಗೆ ಬಂದು, "ಉದ್ದದ್ದು ಒಂದು ತೆಗೀರಿ, ನೋಡುವಾ" ಎಂದರು. ಕೆಳಗಿನ ಕಪಾಟಿನಿಂದ ತೆಗೆದು, ಗ್ರೀಸು ಒರೆಸಿ, ಖಾಲಿ ಇದೆ ಎಂದು ಇಬ್ಬರೂ ನೋಡಿ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಗಿಡ್ಡದ್ದೊಂದು ರಿಪೇರಿಗೆ ಬಿದ್ದಿತ್ತು. ಎರಡನ್ನೂ ಜೋಡಿಸಿ ಹಿಂಭಾಗ ಸಮ ಮಾಡಿದರು. ಗಿಡ್ಡದ್ದರ ನಳಿಗೆ ಮುಗಿದಲ್ಲಿ ಹೆಬ್ಬೆರಳು ಊರಿ, ಉದ್ದದ್ದರ ಮೂತಿಗೆ ಕಿರುಬೆರಳು ಚಾಚಿ ಅಳೆದರು.

"ಒಂದು ಗೇಣು" ಎಂದರು. "ಇಷ್ಟೇ ಅಲ್ವಾ."

ನನಗೆ ಅಳು ಬಂತು. ಐವತ್ತು ದಾಟಿದವನು, ಎಣ್ಣೆಯ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡೆ, ಅದು ಇನ್ನಷ್ಟು ಉರಿಯಿತು. ಕಾಕ ತಮ್ಮ ಕರ್ಚೀಫು ಕೊಟ್ಟು, ನಾನು ಮುಖ ಒರೆಸಿ ಮುಗಿಸುವವರೆಗೆ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು.

ಅವರು ಹೋದ ವಾರವೇ ಸ್ಟಾಫಿಗೆ ಮೈಕಿನ ಮಫ್ ನಾಲ್ಕು ಜೊತೆ ಬಂದವು. ಆರೂ ಬ್ರೇಕುಗಳನ್ನು ನಾನು ಕಳಚಿ ಡ್ರಾಯರಿನಲ್ಲಿಟ್ಟೆ. ಯಾರನ್ನೂ ಕೇಳಲಿಲ್ಲ. ಮೆಂಬರುಗಳು ಗೊಣಗಿದರು, ಮುದೀರ್ ಕಂಡೂ ಕಾಣದಂತಿದ್ದರು. ಗಿಡ್ಡ ಕೋವಿಗಳು ಇನ್ನೂ ಇವೆ. ಜನಕ್ಕೆ ಈಗಲೂ ಅದೇ ಬೇಕು, ಅವರನ್ನು ನಾನು ದೂರುವಂತಿಲ್ಲ.

ಕಾಕನಿಗೆ ಫೋನ್ ಮಾಡಲು ನನಗೆ ಧೈರ್ಯ ಬರಲಿಲ್ಲ. ತಿಂಗಳ ಮೇಲಾಯಿತು. ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ಅವರ ನಂಬರಿನಿಂದಲೇ ಕರೆ ಬಂತು. ಮಾತಾಡಿದ್ದು ಮೊಮ್ಮಗಳು.

"ಅಂಕಲ್, ದೊಡ್ಡ ಸ್ವರದ ಅಂಕಲ್ ನೀವೇ ಅಲ್ವಾ? ನಿಮ್ಮ ಸ್ವರ ಅಜ್ಜನಿಗೆ ಕೇಳ್ತದಂತೆ. ನಂದು ಕೇಳೂದಿಲ್ಲ. ಮಿಷಿನ್ ಹಾಕಿದ್ರೆ ಗರ ಗರ ಅಂತದೆ ಅಂತ ತೆಗೆದಿಡ್ತಾರೆ."

"ಅಜ್ಜ ಎಲ್ಲಿದ್ದಾರೆ?"

"ಇಲ್ಲೇ. ಸ್ಪೀಕರಿಗೆ ಹಾಕ್ತೇನೆ. ನಾನು ಒಂದು ಹೇಳ್ತೇನೆ, ನೀವು ಅವರಿಗೆ ಹೇಳ್ತೀರಾ?"

ಬೆಂಚಿನ ಮೇಲಿದ್ದ ಕೋವಿಯನ್ನು ಪಕ್ಕಕ್ಕೆ ಸರಿಸಿ ಕೂತೆ. ಹೇಳು ಮಗಾ ಎಂದೆ.

"ನಾನು ಕರೆದ್ರೆ ಅಜ್ಜ ತಿರುಗಿ ನೋಡೂದಿಲ್ಲ. ನನ್ನ ಮೇಲೆ ಕೋಪವಾ ಅಂತ ಕೇಳಿ."

ಆ ಕಡೆ ಕಾಕನ ಕೆಮ್ಮು ಕೇಳಿತು. ಫೋನನ್ನು ಅವರ ಕಿವಿಯ ಹತ್ತಿರ ಹಿಡಿದಿದ್ದಳೆಂದು ಕಾಣುತ್ತದೆ, ಉಸಿರು ಕೂಡ ಕೇಳುತ್ತಿತ್ತು. ಅವಳು ಹೇಳಿದ ಮಾತನ್ನು ಹಾಗೆಯೇ ಹೇಳಬೇಕಿತ್ತು. ರೇಂಜಿನಲ್ಲಿ ಎಷ್ಟು ಸಲ ಹೇಳಿದ್ದೆ, ಒಂದು ಕ್ಲಿಯರ್, ಎರಡು ಕ್ಲಿಯರ್. ಫೋನನ್ನು ಬಾಯಿಯ ಹತ್ತಿರ ಹಿಡಿದು, ಗಟ್ಟಿಯಾಗಿ, ನಿಧಾನವಾಗಿ ಕೇಳಿದೆ.

"ಕಾಕ, ನಿಮಗೆ ನನ್ನ ಮೇಲೆ ಕೋಪವಾ?"

"ಗೌಡ್ರಾ?" ಎಂದರು. ಮತ್ತೆ, "ಇಲ್ಲ. ಕೋಪ ಎಂತಕ್ಕೆ?" ಎಂದರು.

ಮಗು ಚಪ್ಪಾಳೆ ತಟ್ಟಿತು. ನಾನು, ಪ್ರಶ್ನೆ ಅವಳದೆಂದು ಕಾಕನಿಗೆ ಹೇಳಬೇಕಿತ್ತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಮುಂದಿನದನ್ನು ಶುರುಮಾಡಿದ್ದಳು, ಬೆಕ್ಕಿನ ಮರಿಗಳ ಸುದ್ದಿ. ಆ ಸುದ್ದಿಯನ್ನೇ ಕಾಕನಿಗೆ ಹೇಳಿದೆ.